ಗುಲಗಂಜಿ ತೂಕದ ಕಾಫಿ

ಮನೆಗೆ ಎಸ್ಪ್ರೆಸೊ ಯಂತ್ರ ತಂದವನಿಗೆ ಕಾಫಿ ಕುಡಿಯುವ ಯೋಗ ತಕ್ಷಣ ಕೂಡಿ ಬರುವುದಿಲ್ಲ. ಮೊದಲು ಗ್ರೈಂಡರ್ ಬರಬೇಕು, ಆಮೇಲೆ ಪುಡಿ ಒತ್ತುವ ಟ್ಯಾಂಪರ್, ಅದರ ಹಿಂದೆಯೇ ಪುಡಿಯ ಗಂಟು ಬಿಡಿಸುವ ಸೂಜಿಗಳ ಗೊಂಚಲು. ಎಲ್ಲ ಬಂದ ಮೇಲೆ ಡಿಜಿಟಲ್ ತಕ್ಕಡಿಯ ಸರದಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ತಕ್ಕಡಿ ಹುಡುಕುವುದು ವರಾನ್ವೇಷಣೆಗಿಂತ ಗಂಭೀರ ವ್ಯವಹಾರ. ವರನಾದರೆ ಗೋತ್ರ, ಸಂಬಳ, ಸೈಟು ವಿಚಾರಿಸಿ ಸುಮ್ಮನಾಗುತ್ತಾರೆ. ತಕ್ಕಡಿಯದ್ದು ಹಾಗಲ್ಲ, ಅದು ಒಂದು ಹನಿ ಬಿದ್ದ ಮೇಲೆ ಎಷ್ಟು ಹೊತ್ತಿಗೆ ಅಂಕಿ ಬದಲಿಸುತ್ತದೆ ಎಂಬುದನ್ನೂ ವಿಚಾರಿಸಬೇಕು.

ತಕ್ಕಡಿ ಬೇಕೇ ಎಂದು ಕೇಳಿದರೆ, ಬೇಕು. ಅದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗೋಣ. ಎಸ್ಪ್ರೆಸೊ ಮೇಲೆ ಏಳುವ ಕ್ರೆಮಾ ಎಂಬ ನೊರೆ ಮಹಾ ಮೋಸಗಾತಿ. ಮೊನ್ನೆ ಹುರಿದ ಬೀಜವಾದರೆ ಲೋಟ ತುಂಬಿದ ಹಾಗೆ ಕಾಣುತ್ತದೆ, ತಿಂಗಳುಗಟ್ಟಲೆ ಹಳೆಯದಾದರೆ ಅಷ್ಟೇ ಕಾಫಿ ತಳದಲ್ಲಿ ಮುದುಡಿ ಕೂತಿರುತ್ತದೆ. ಅದಕ್ಕೇ ಕಣ್ಣಳತೆ ಬಿಟ್ಟು ತೂಕ ಹಿಡಿದರು. 18 ಗ್ರಾಂ ಪುಡಿ ಹಾಕಿ, 36 ಗ್ರಾಂ ಕಾಫಿ ಇಳಿಸಿ, 25ರಿಂದ 30 ಸೆಕೆಂಡಿನೊಳಗೆ ಮುಗಿಸಿ ಎಂಬುದು ಈಗಿನ ಸೂತ್ರ. ಪುಡಿ ಒಂದು ಗ್ರಾಂ ಏರಿದರೆ ನೀರು ತಿಣುಕುತ್ತದೆ, ಇಳಿದರೆ ಸರ್ರನೆ ಓಡಿಹೋಗಿ ನಾಲಿಗೆಗೆ ಹುಳಿ ಬಿಟ್ಟುಹೋಗುತ್ತದೆ.

ಇಲ್ಲಿಗೆ ವಿಜ್ಞಾನ ಮುಗಿಯಿತು. ಮುಂದಿನದೆಲ್ಲ ಮತಧರ್ಮ.

ಈ ಮತದಲ್ಲಿ ಎರಡು ಪಂಗಡ. ಒಂದು 0.1 ಗ್ರಾಂ ಪಂಗಡ, ಇನ್ನೊಂದು 0.01 ಗ್ರಾಂ ಪಂಗಡ. ಹಿಂದೆ ಅಕ್ಕಸಾಲಿಗರು ಬಂಗಾರ ತೂಗಲು ಬಳಸುತ್ತಿದ್ದ ಗುಲಗಂಜಿಯ ತೂಕ ಸುಮಾರು 0.12 ಗ್ರಾಂ. ಹುರಿದ ಅರೇಬಿಕಾ ಬೀಜ ಒಂದರದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಮೊದಲ ಪಂಗಡದವನು ಆಗಲೇ ಚಿನ್ನದ ಕಟ್ಟೆಯಲ್ಲಿ ಕೂತು ಬೀಜ ಎಣಿಸುತ್ತಿದ್ದಾನೆ. ಎರಡನೆಯವನದು ಬೀಜದ ಹತ್ತನೇ ಒಂದು ಪಾಲಿನ ಚಿಂತೆ. ತಕ್ಕಡಿ 17.94 ಎಂದಿತು ಅನ್ನಿ. ಒಂದು ಬೀಜ ಹಾಕುತ್ತಾನೆ, 18.06. ತೆಗೆಯುತ್ತಾನೆ, ಮತ್ತೆ 17.94. ಅರ್ಧ ಬೀಜ ಕಚ್ಚಿ ಹಾಕುವುದೊಂದೇ ಅವನಿಗೆ ಉಳಿದ ದಾರಿ. ಅದನ್ನೂ ಮಾಡುವ ಭಕ್ತರಿದ್ದರೆ ನನಗೇನೂ ಆಶ್ಚರ್ಯವಿಲ್ಲ.

0.01ರ ತಕ್ಕಡಿ ಫ್ಯಾನಿನ ಗಾಳಿಗೂ ಬೆದರುತ್ತದೆ. ಅಂಕಿ ನಿಲ್ಲಲೆಂದು ಫ್ಯಾನ್ ಆರಿಸಬೇಕು. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿದರೆ ಹಣೆಯಿಂದ ಬೆವರು ತೊಟ್ಟಿಕ್ಕುತ್ತದೆ, ಒಂದು ಹನಿ ಅಂದರೆ ಸುಮಾರು 0.05 ಗ್ರಾಂ. ಇಷ್ಟು ತಪಸ್ಸು ಮಾಡಿ 18.00 ಸಾಧಿಸಿದವನು ಮುಂದೇನು ಮಾಡುತ್ತಾನೆ ನೋಡಿ. ಪುಡಿ ಗ್ರೈಂಡರಿಗೆ ಅಂಟದಿರಲಿ ಎಂದು ಬೀಜಗಳ ಮೇಲೆ ಪಿಸ್ ಎಂದು ನೀರು ಸಿಂಪಡಿಸುತ್ತಾನೆ! ಆ ನೀರಿಗೆ ತೂಕವಿಲ್ಲವೆಂದು ಯಾವ ಶಾಸ್ತ್ರದಲ್ಲಿ ಹೇಳಿದೆಯೋ. ಅದಾದ ಮೇಲೆ ಗ್ರೈಂಡರು ತನ್ನ ಪಾಲನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ನಿನ್ನೆಯ ಒಂದಿಷ್ಟು ಪುಡಿಯನ್ನು ಇವತ್ತಿನದರ ಜೊತೆ ಕಕ್ಕುತ್ತದೆ. ಎರಡನೇ ದಶಮಾಂಶ ಸ್ಥಾನ ಅಲ್ಲಿಗೆ ಸ್ವರ್ಗಸ್ಥ.

ಎಸ್ಪ್ರೆಸೊ ಹುಟ್ಟಿದ ಇಟಲಿಯವರಾದರೂ ಇಷ್ಟು ಕಟ್ಟುನಿಟ್ಟೇ? ಲುಯಿಜಿ ಬೆಜ್ಜೆರಾ 1901ರಲ್ಲಿ ಉಗಿಯ ಯಂತ್ರಕ್ಕೆ ಪೇಟೆಂಟ್ ಕೋರಿದಾಗ, ಅಕಿಲ್ಲೆ ಗಾಜಿಯಾ ಎರಡನೇ ಮಹಾಯುದ್ಧದ ನಂತರ ಲಿವರ್ ಎಳೆದು ಕ್ರೆಮಾ ಏಳಿಸಿದಾಗ, ಲೋಟದ ಕೆಳಗೆ ಯಾರೂ ತಕ್ಕಡಿ ಇಟ್ಟಿರಲಿಲ್ಲ. ಅಲ್ಲಿ ಎಸ್ಪ್ರೆಸೊಗೆ ಪ್ರಮಾಣಪತ್ರ ಕೊಡುವ ಸಂಸ್ಥೆಯೇ ಒಂದಿದೆ. ಅದರ ನಿಯಮ 7 ಗ್ರಾಂ ಪುಡಿ. ಅದರಲ್ಲೂ ಅರ್ಧ ಗ್ರಾಂ ಹೆಚ್ಚುಕಡಿಮೆಯಾದರೆ ಮಾಫಿ. ಕಾಫಿಯ ವಿಷಯದಲ್ಲಿ ಮುಂಗೋಪಿಗಳಾದ ಇಟಾಲಿಯನ್ನರೇ ಅರ್ಧ ಗ್ರಾಂ ಬಿಟ್ಟುಕೊಟ್ಟಿದ್ದಾರೆ. ನಮ್ಮ ವೈಟ್‌ಫೀಲ್ಡಿನ ಮಹಾಶಯ ಮಾತ್ರ ಜಪ್ಪಯ್ಯ ಅಂದರೂ ಬಿಡುವುದಿಲ್ಲ.

ಇನ್ನು ಬ್ಲೂಟೂತ್. ಅಕಾಯಾ ಲೂನಾರ್‌ನಂಥ ದುಬಾರಿ ತಕ್ಕಡಿ ಫೋನಿನ ಜೊತೆ ಮಾತಾಡುತ್ತದೆ, ಸೆಕೆಂಡಿಗೆ ಎಷ್ಟು ಗ್ರಾಂ ಇಳಿಯಿತೆಂದು ಹೇಳುತ್ತದೆ, ಗೆರೆ ಎಳೆದು ಗ್ರಾಫ್ ತೋರಿಸುತ್ತದೆ. 36 ಗ್ರಾಂ ಕಾಫಿ ಎಷ್ಟು ಬೇಗ ಆರುತ್ತದೆಂದರೆ ಗ್ರಾಫ್ ಓದಿ ಮುಗಿಸುವಷ್ಟರಲ್ಲಿ ತಣ್ಣಗಾಗಿರುತ್ತದೆ. ಹಾಗೆಂದು ಚೆಲ್ಲುವಂತಿಲ್ಲ, ಗ್ರಾಫ್ ಚೆನ್ನಾಗಿ ಬಂದಿದೆ. ಅದೇ ಹೊತ್ತಿಗೆ ಅತ್ತೆಯವರು ಹಿತ್ತಾಳೆ ಫಿಲ್ಟರಿಗೆ ಕೈಯಂದಾಜಿನಲ್ಲಿ ಪುಡಿ ಸುರಿದು, ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ, ಕುಡಿದು, ಲೋಟವನ್ನೂ ತೊಳೆದಿಟ್ಟಿರುತ್ತಾರೆ.

ನನ್ನ ತಕರಾರು ದಶಮಾಂಶದ ಮೇಲಲ್ಲ, ಅದು ವಾಸವಾಗಿರುವ ಜಾಗದ ಮೇಲೆ. ಭಾರತದ ಕಾಫಿಯ ಮೂರನೇ ಎರಡು ಪಾಲಿಗಿಂತ ಹೆಚ್ಚು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. 18 ಗ್ರಾಂ ಹುರಿದ ಬೀಜವಾಗಬೇಕಾದರೆ ಗಿಡದಿಂದ ನೂರು ಗ್ರಾಂಗೂ ಮೀರಿ ಹಣ್ಣು ಬಿಡಿಸಬೇಕು. ಕೊಯ್ಲಿನ ಕಾಲದಲ್ಲಿ ಅದನ್ನು ಬಿಡಿಸುವವರ ಕೂಲಿ ಬಹಳ ಕಡೆ ಕೆ.ಜಿ. ಲೆಕ್ಕದಲ್ಲಿ. ಸಂಜೆ ಚೀಲ ತೂಗುವ ಹೊತ್ತಿಗೆ ಮುಳ್ಳು ಎರಡು ಗೆರೆಗಳ ನಡುವೆ ನಿಂತರೆ ಅಲ್ಲಿ ಎರಡನೇ ದಶಮಾಂಶ ಕೇಳುವವರು ಯಾರು? ಸಣ್ಣ ಬೆಳೆಗಾರ ಮಾರುವುದು 50 ಕೆ.ಜಿ. ಚೀಲದ ಲೆಕ್ಕದಲ್ಲಿ. ಚೀಲದಿಂದ ಎಷ್ಟು ಶುದ್ಧ ಬೇಳೆ ಹೊರಡುತ್ತದೆಂಬ ಔಟ್‌ಟರ್ನ್, ಎಷ್ಟು ತೇವವಿದೆಯೆಂಬ ಮೀಟರು, ಇವೆರಡರ ಮೇಲೆ ಅವನ ವರ್ಷದ ದುಡ್ಡು ಏರಿ ಇಳಿಯುತ್ತದೆ. ಅಲ್ಲಿ ಚೌಕಾಸಿ ನಡೆಯುವುದು ಕಿಲೋಗಳಲ್ಲಿ, ಇಲ್ಲಿ ಧ್ಯಾನ ನಡೆಯುವುದು ಮಿಲಿಗ್ರಾಂಗಳಲ್ಲಿ. ನಮ್ಮ ಮಹಾಶಯ ಗಾಡಿಯವನಿಂದ ಟೊಮೆಟೊ ಕೊಳ್ಳುವಾಗಲಾದರೂ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದಿದೆಯೇ ಎಂದು ನೋಡುತ್ತಾನೆಯೇ? ಇಲ್ಲ. ಆಗ ಅವನು ಫೋನಿನಲ್ಲಿ ಹೊಸ ತಕ್ಕಡಿ ನೋಡುತ್ತಿರುತ್ತಾನೆ.

ಇಷ್ಟು ಓದಿಯೂ ಕೊಳ್ಳುವ ಮನಸ್ಸಿದ್ದರೆ ಕೊಳ್ಳಿ. 0.1 ಗ್ರಾಂ ತೋರಿಸಿದರೆ ಸಾಕು. ಎರಡು ಕೆ.ಜಿ. ತಾಳುವಂಥದ್ದಿರಲಿ, 500 ಗ್ರಾಮಿನ ಜೇಬು ತಕ್ಕಡಿಯ ಮೇಲೆ ಪುಡಿ ತುಂಬುವ, ಕಬ್ಬಿಣದಷ್ಟು ಭಾರದ ಪೋರ್ಟಫಿಲ್ಟರ್ ಇಟ್ಟರೆ ಅದು ಅಂಕಿಯ ಬದಲು ಕೈ ಎತ್ತುತ್ತದೆ. ಕೊಳ್ಳುವ ಮೊದಲು ಯಂತ್ರದ ಹನಿತಟ್ಟೆಯ ಉದ್ದಗಲ, ಲೋಟದ ಮೇಲೆ ಉಳಿಯುವ ಎತ್ತರ ಅಳೆದುಕೊಳ್ಳಿ, ತಕ್ಕಡಿ ಅಲ್ಲಿ ಕೂರದಿದ್ದರೆ ಮಿಕ್ಕ ಗುಣಗಳೆಲ್ಲ ದಂಡ. ನೀರು ಸಿಡಿದರೆ ಸಾಯಬಾರದು. ನೀವು ಪುಡಿ ಒತ್ತುತ್ತಿರುವಾಗ ತಾನಾಗಿ ಆರಿಹೋಗುವ ತಕ್ಕಡಿಯನ್ನಂತೂ ಮನೆಗೆ ಸೇರಿಸಬೇಡಿ. ಇಂಥದ್ದು ಬ್ಲೂಟೂತ್ ಇಲ್ಲದೆ ಕೆಲವೇ ಸಾವಿರಕ್ಕೆ ಸಿಗುತ್ತದೆ. ಉಳಿದ ದುಡ್ಡನ್ನು ಗ್ರೈಂಡರಿಗೂ, ಹುರಿದ ತಾರೀಖು ಅಚ್ಚಾಗಿರುವ ಬೀಜಕ್ಕೂ ಹಾಕಿ. ರುಚಿಯನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವುದು ಅವೆರಡೇ.