ತವರಿನ ನೆಲ ಕಪ್ ಗೆಲ್ಲಿಸುತ್ತಾ?

ಪ್ಲೇಆಫ್ ಚಿನ್ನಸ್ವಾಮಿಯಲ್ಲೇ ಆಡಿಸಿದ್ರೆ ಆರ್‌ಸಿಬಿಗೆ ಅರ್ಧ ಗೆಲುವು ಅಂತೀರಲ್ಲ, ನಾನು ಒಪ್ಪಲ್ಲ ಕಣ್ರೀ.

ತವರಿನ ಬಲ ಅನ್ನೋದು ಇದೆ. ನಮ್ಮ ಚಾಂಪಿಯನ್ ರೀಫ್ ಕಡೆ ಟೆನಿಸ್ ಬಾಲ್ ಆಡೋ ಹುಡುಗರನ್ನ ನೋಡಿ. ಆ ಜಲ್ಲಿ ನೆಲದಲ್ಲಿ ಬಾಲ್ ಎಲ್ಲಿ ಏಳಲ್ಲ, ಎಲ್ಲಿ ಎಗರುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಬಂಗಾರಪೇಟೆಯಿಂದ ಬಂದ ಟೀಮು ಮೊದಲ ಎರಡು ಓವರ್ ತಡಕಾಡುತ್ತೆ. ಆದ್ರೆ ಐಪಿಎಲ್ ಆಟಗಾರರು ಎಲ್ಲ ಮೈದಾನದಲ್ಲೂ ಆಡಿ ಪಳಗಿರೋರು. ಅವರಿಗೆ ಯಾವ ನೆಲ ಹೊಸದು?

2016ರ ಮೇ 29 ನೆನಪಿದೆಯಲ್ಲ? ಫೈನಲ್ ಚಿನ್ನಸ್ವಾಮಿಯಲ್ಲೇ. ಹೈದರಾಬಾದ್ 208 ಹೊಡೀತು. ಬೆನ್ ಕಟಿಂಗ್ ಒಬ್ಬನೇ 15 ಬಾಲಿಗೆ 39. ಗೇಲ್, ಕೊಹ್ಲಿ ಮೊದಲನೇ ವಿಕೆಟ್ಟಿಗೇ 114 ಸೇರಿಸಿದ್ರು. ನಮ್ಮನೆ ಹುಡುಗರು ಪಟಾಕಿ ಹೊರಗೆ ತೆಗೆದೇಬಿಟ್ಟಿದ್ರು. ಕೊನೆಗೆ 200ಕ್ಕೆ ನಿಂತುಹೋಯ್ತು. 8 ರನ್ನಲ್ಲಿ ಸೋತ್ವಿ! ಬೌಂಡರಿ ಹತ್ತಿರ, ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ, ಹೊಡೆದ ಬಾಲ್ ಹಾರ್ಕೊಂಡೇ ಹೋಗುತ್ತೆ. ಬಂದೋರಿಗೂ ಅಷ್ಟೇ ಲಾಭ. ಏಟು ತಿನ್ನೋದು ಮನೆ ಬೌಲರ್ರು.

ಚೆನ್ನೈ ಕಥೆ ಬೇರೆ, ಅದನ್ನ ಒಪ್ಕೋತೀನಿ. ಚೆಪಾಕ್‌ನ ನಿಧಾನದ ಪಿಚ್ಚಿಗೆ ತಕ್ಕ ಸ್ಪಿನ್ನರ್‌ಗಳನ್ನ ಇಟ್ಕೊಂಡೇ ಟೀಮ್ ಕಟ್ಟಿದ್ರು. ಅಲ್ಲೇ ನಡೆದ 2011ರ ಫೈನಲ್ಲಲ್ಲಿ ಅಶ್ವಿನ್ ಮೊದಲ ಓವರಲ್ಲೇ ಗೇಲ್‌ನ ಸೊನ್ನೆಗೆ ಕಳಿಸಿದ. ನಾವು 58 ರನ್ನಿಂದ ಸೋತ್ವಿ.

ಅಮೆರಿಕ, ಕೆನಡಾದ ಐಸ್ ಹಾಕಿಯಲ್ಲಂತೂ ತವರಿನ ಟೀಮಿಗೆ ನಿಯಮದಲ್ಲೇ ಅನುಕೂಲ ಇದೆ. ಆಟ ನಿಂತಾಗ ಎದುರಿನೋರು ಯಾರನ್ನ ಇಳಿಸ್ತಾರೆ ನೋಡ್ಕೊಂಡು, ಆಮೇಲೆ ಇವರು ತಮ್ಮೋರನ್ನ ಬದಲಾಯಿಸಬಹುದು. ಆದ್ರೂ 2019ರಲ್ಲಿ ಬಾಸ್ಟನ್ ಟೀಮು ಫೈನಲ್‌ನ ಏಳನೇ ಪಂದ್ಯವನ್ನ ತನ್ನೂರಲ್ಲೇ ಸೇಂಟ್ ಲೂಯಿಸ್‌ಗೆ ಸೋತಿತು.

2025 ನೋಡಿ. ಬೆಂಗಳೂರಲ್ಲಿ ಮೊದಲ ಮೂರೂ ಪಂದ್ಯ ಸೋತ ನಮ್ಮ ಆರ್‌ಸಿಬಿ, ಲೀಗ್‌ನಲ್ಲಿ ಎದುರಾಳಿಗಳ ಮನೆಗೆ ಹೋಗಿ ಆಡಿದ ಏಳಕ್ಕೆ ಏಳೂ ಗೆದ್ದಿತು. ಪಂಜಾಬನ್ನ ಅವರ ಮುಲ್ಲನ್‌ಪುರದಲ್ಲೇ 101ಕ್ಕೆ ಕಟ್ಟಿಹಾಕಿ ಫೈನಲ್ ಸೇರಿತು. ಅಹಮದಾಬಾದಲ್ಲಿ ಕೃಣಾಲ್ ನಾಲ್ಕು ಓವರಿಗೆ ಬರೀ 17 ಕೊಟ್ಟು ಎರಡು ವಿಕೆಟ್ ಕಿತ್ತ, 6 ರನ್ನಿಂದ ಕಪ್ ನಮ್ಮದಾಯ್ತು. ಹದಿನೆಂಟು ವರ್ಷ ಕಾದ ಕಪ್ ತಂದ್ಕೊಟ್ಟಿದ್ದು ಬೌಲಿಂಗು ಕಣ್ರೀ, ಮೈದಾನ ಅಲ್ಲ.