ಮೈಕ್ ಸಿಕ್ಕ ರಕ್ತಪಿಶಾಚಿ

ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ದಲ್ಲಿ ಬಾಯಿದ್ದವರೆಲ್ಲ ಮಾತಾಡುತ್ತಾರೆ. ವಕೀಲ ಡೈರಿ ಬರೆಯುತ್ತಾನೆ, ಅವನನ್ನು ಮದುವೆಯಾಗುವವಳೂ ಬರೆಯುತ್ತಾಳೆ, ಹುಚ್ಚಾಸ್ಪತ್ರೆಯ ಡಾಕ್ಟರು ಫೋನೋಗ್ರಾಫಿನೆದುರು ಕೂತು ವರದಿ ಒಪ್ಪಿಸುತ್ತಾರೆ, ಹಡಗಿನ ಕ್ಯಾಪ್ಟನ್ ಸಾಯುವವರೆಗೂ ದಿನಚರಿ ತಪ್ಪಿಸುವುದಿಲ್ಲ. ಡ್ರಾಕುಲಾ ದೊರೆಗೆ ಮಾತ್ರ ಸ್ವಂತದ್ದೊಂದು ಅಧ್ಯಾಯವಿಲ್ಲ. ಬಂದ, ಕುಡಿದ, ಕತ್ತು ಕೊಯ್ಸಿಕೊಂಡು ಹೋದ. ಪಿಶಾಚಿ ಎಂದರೆ ಅಷ್ಟು ಮರ್ಯಾದೆ ಇರಬೇಕು.

ಈ ಮರ್ಯಾದೆ ಕೆಡಿಸಿದವರು ನ್ಯೂ ಆರ್ಲಿಯನ್ಸಿನ ಆನ್ ರೈಸ್. 1976ರ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ ಕಾದಂಬರಿಯಲ್ಲಿ ಅವರು ರಕ್ತಪಿಶಾಚಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಹೇಳಪ್ಪಾ ಎಂದರು. ‘ಎರಡೇ ಮಾತು’ ಎಂದು ಮೈಕ್ ಹಿಡಿದ ಮಾಜಿ ಶಾಸಕರನ್ನು ಕಂಡವರಿಗೆ ಮುಂದಿನ ಕಥೆ ಬಿಡಿಸಿ ಹೇಳಬೇಕಿಲ್ಲ. 2018ರಲ್ಲಿ ಬಂದದ್ದು 13ನೆಯ ಸಂಪುಟ.

ಮೊದಲು ಮೈಕ್ ಹಿಡಿದವನು ಲೂಯಿ. 18ನೇ ಶತಮಾನದ ಲೂಸಿಯಾನದಲ್ಲಿ ನೀಲಿ ತೋಟದ ಯಜಮಾನ, ತೋಟದ ತುಂಬ ಗುಲಾಮರು. 1791ರಲ್ಲಿ ಲೆಸ್ಟಾಟ್ ಎಂಬ ಷೋಕಿಲಾಲ ಇವನನ್ನು ಕಚ್ಚಿ ತನ್ನ ಜಾತಿಗೆ ಸೇರಿಸಿಕೊಳ್ಳುತ್ತಾನೆ. ಅಂದಿನಿಂದ ಲೂಯಿಗೆ ವಿಪರೀತ ಪಾಪಪ್ರಜ್ಞೆ. ಮನುಷ್ಯರ ರಕ್ತ ಕುಡಿಯುವುದು ಸರಿಯೇ, ತಪ್ಪೇ? ದೇವರಿದ್ದಾನೋ, ಇಲ್ಲವೋ? ಇಲಿಗಳ ರಕ್ತದಲ್ಲಿ ಹೊಟ್ಟೆ ಹೊರೆಯುತ್ತ ಪುಟಗಟ್ಟಲೆ ನರಳುತ್ತಾನೆ. ಕತ್ತಲಾದ ಮೇಲೆ ಎದ್ದು ಕೂರುವ ಈ ಮನಸ್ಸಾಕ್ಷಿ, ಅವನು ಇನ್ನೂ ಮನುಷ್ಯನಾಗಿದ್ದ ಹಗಲುಗಳಲ್ಲಿ ಎಲ್ಲಿತ್ತು ಎಂದು ಕೇಳಬೇಡಿ. ಪರರ ರಕ್ತದ ಮೇಲೆ ಬದುಕುವುದು ಈ ಯಜಮಾನನಿಗೆ ಹೊಸದೇನಲ್ಲ, ಹಲ್ಲು ಮಾತ್ರ ಹೊಸದು. ಬಂಡವಾಳವನ್ನು ರಕ್ತ ಹೀರುವ ಪಿಶಾಚಿಗೆ ಮಾರ್ಕ್ಸ್ 1867ರಲ್ಲೇ ಹೋಲಿಸಿ ಮುಗಿಸಿದ್ದ. ಲೂಯಿ ಅದನ್ನು ಓದಿದಂತೆ ಕಾಣುವುದಿಲ್ಲ. ಯಜಮಾನರ ಮನೆಯಲ್ಲಿ ಏನೋ ಕೇಡು ಹೊಕ್ಕಿದೆ ಎಂದು ಮೊದಲು ಕಂಡುಹಿಡಿದವರು ಆ ಗುಲಾಮರು. ಟೇಪ್ ರೆಕಾರ್ಡರನ್ನು ಅವರ ಕೈಗೆ ಕೊಟ್ಟಿದ್ದರೆ ಇಡೀ ವಿಷಯ ಎರಡು ಕ್ಯಾಸೆಟ್ಟಿನಲ್ಲಿ ಮುಗಿಯುತ್ತಿತ್ತು. ಯಾರೂ ಕೊಡಲಿಲ್ಲ.

ಒಂದು ಮಾತು ಇಲ್ಲಿ ನೆಟ್ಟಗೆ ಹೇಳಿಬಿಡಬೇಕು. 1972ರಲ್ಲಿ ರೈಸ್ ಅವರ ಪುಟ್ಟ ಮಗಳು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಆಮೇಲೆ ಬರೆದ ಈ ಕಾದಂಬರಿಯಲ್ಲಿ ಕ್ಲಾಡಿಯಾ ಎಂಬ ಐದು ವರ್ಷದ ಹುಡುಗಿ ಇದ್ದಾಳೆ. ಅವಳನ್ನು ಪಿಶಾಚಿ ಮಾಡುತ್ತಾರೆ, ವಯಸ್ಸಾಗುತ್ತದೆ, ಮೈ ಬೆಳೆಯುವುದಿಲ್ಲ. ದಶಕಗಳ ನಂತರವೂ ಗೊಂಬೆಯ ದೇಹದಲ್ಲಿ ಸಿಕ್ಕಿಬಿದ್ದ ಹೆಂಗಸಾಗಿ, ತನ್ನನ್ನು ಹೀಗೆ ಮಾಡಿದ ಗಂಡಸರನ್ನು ದ್ವೇಷಿಸುತ್ತಾಳೆ. ಪ್ಯಾರಿಸ್ಸಿನಲ್ಲಿ ಅವಳನ್ನು ಬಿಸಿಲಿಗೆ ಒಡ್ಡಿ ಕೊಲ್ಲುತ್ತಾರೆ. ಆ ಪುಟಗಳನ್ನು ಗೇಲಿ ಮಾಡುವ ಧೈರ್ಯ ನನಗಿಲ್ಲ. ಆದರೆ 13 ಸಂಪುಟಗಳಲ್ಲಿ ಒಂದೂ ಅವಳ ಬಾಯಿಂದ ಬಂದದ್ದಲ್ಲ ಎಂಬುದನ್ನು ಮಾತ್ರ ಗುರುತು ಹಾಕಿಕೊಳ್ಳಿ.

ಬಂದದ್ದು ಲೆಸ್ಟಾಟನ ಬಾಯಿಂದ. 1985ರ ಎರಡನೆಯ ಪುಸ್ತಕದಲ್ಲಿ ಅವನು ನೆಲದೊಳಗಿನಿಂದ ಎದ್ದುಬಂದು ಲೂಯಿಯ ಸಂದರ್ಶನ ಓದಿ, ಇದೆಲ್ಲ ಸುಳ್ಳು, ನಾನು ಒಳ್ಳೆಯವನು ಎಂದು ಸ್ಪಷ್ಟೀಕರಣ ಕೊಡುತ್ತಾನೆ. ಸ್ಪಷ್ಟೀಕರಣ ಸಾಲದೆ ರಾಕ್ ಹಾಡುಗಾರನೂ ಆಗುತ್ತಾನೆ. ತಾನು ಕುಡಿಯುವುದು ಕೆಟ್ಟವರ ರಕ್ತವನ್ನೇ ಎಂಬುದು ಅವನ ಹೆಮ್ಮೆ. ಕೆಟ್ಟವರು ಯಾರೆಂದು ತೀರ್ಮಾನಿಸುವವನು ಅವನೇ, ಶಿಕ್ಷೆ ಕೊಡುವವನು ಅವನೇ, ಆಮೇಲೆ ಊಟಕ್ಕೆ ಕೂರುವವನೂ ಅವನೇ. ಇಂಥ ನ್ಯಾಯಪೀಠದಲ್ಲಿ ಯಾರು ನಿರಪರಾಧಿ ಎನಿಸಿಕೊಂಡಾರು? ಅವನ ಹಿಂದೆ ಅರ್ಮಾನ್ ಬಂದ, ಮಾರಿಯಸ್ ಬಂದ. ಪ್ರತಿ ಕೊಲೆಗಾರನಿಗೂ ಒಂದೊಂದು ಆತ್ಮಕಥೆ, ಪ್ರತಿ ಆತ್ಮಕಥೆಯಲ್ಲೂ ನೊಂದವನು ಕೊಲೆಗಾರನೇ. ನಮ್ಮ ಬೇತಾಳನೂ ಹೆಗಲೇರಿ ಕಥೆ ಹೇಳುತ್ತಿದ್ದವನೇ; ರಿಚರ್ಡ್ ಬರ್ಟನ್ 1870ರಲ್ಲಿ ಇಂಗ್ಲಿಷಿಗೆ ತಂದು ಅವನನ್ನೂ ವ್ಯಾಂಪೈರ್ ಮಾಡಿದ. ಆದರೆ ಬೇತಾಳ ಕಥೆ ಮುಗಿಸಿ ಒಂದು ಪ್ರಶ್ನೆ ಕೇಳುತ್ತಿದ್ದ, ತಪ್ಪು ಯಾರದು ಅಂತ. ಲೆಸ್ಟಾಟ್ ಪ್ರಶ್ನೆ ಕೇಳುವ ಪೈಕಿಯಲ್ಲ.

ಮೊದಲ ಪುಸ್ತಕದಲ್ಲಿ ಸಾವಿತ್ತು, ಹಾಗಾಗಿ ಭಯವಿತ್ತು. ಬರಬರುತ್ತ ಸಾವಿಗೇ ರಜೆ. 1992ರ ಕಂತಿನಲ್ಲಿ ಲೆಸ್ಟಾಟ್ ಸಾಯಲೆಂದು ಗೋಬಿ ಮರುಭೂಮಿಯ ಸೂರ್ಯನಿಗೆ ಎದುರು ಹಾರುತ್ತಾನೆ. ಫಲಿತಾಂಶ, ಮೈಬಣ್ಣ ಸ್ವಲ್ಪ ಕಪ್ಪಾಯಿತು. 1995ರಲ್ಲಿ ಶಿಲುಬೆ ಹೊತ್ತು ಹೊರಟ ಕ್ರಿಸ್ತನ ರಕ್ತವನ್ನೇ ರುಚಿ ನೋಡಿ ಬಂದ. ಅಷ್ಟಾದ ಮೇಲೆ ಹೋಗಲು ಉಳಿದ ಜಾಗವೇನು? 2016ರಲ್ಲಿ ಕಥೆ ಅಟ್ಲಾಂಟಿಸ್‌ಗೂ ಹೋಯಿತು.

ತಡೆಯಲು ಸಂಪಾದಕರು ಇರಲಿಲ್ಲವೇ? ಇರಗೊಡಲಿಲ್ಲ. 2004ರಲ್ಲಿ, ಸರಣಿಯ ‘ಬ್ಲಡ್ ಕ್ಯಾಂಟಿಕಲ್’ ಚೆನ್ನಾಗಿಲ್ಲ ಎಂದು ಓದುಗರು ಅಮೆಜಾನ್‌ನಲ್ಲಿ ಬರೆದಾಗ ರೈಸ್ ಅಲ್ಲೇ ಒಂದು ಉದ್ದನೆಯ ಉತ್ತರ ಕೊಟ್ಟರು. ಸಂಪಾದಕರ ಕತ್ತರಿಗೆ ತಾವು ಒಪ್ಪುವವರಲ್ಲ, ಓದುವ ಕ್ರಮದಲ್ಲೇ ನಿಮ್ಮ ತಪ್ಪಿದೆ, ಬೇಡವಾದವರು ಪುಸ್ತಕ ನಮ್ಮ ಮನೆಗೆ ಕಳಿಸಿ ದುಡ್ಡು ವಾಪಸ್ ಪಡೆಯಿರಿ ಎಂಬುದು ಸಾರಾಂಶ. ದುಡ್ಡಿನ ಮಾತು ಒಪ್ಪತಕ್ಕದ್ದೇ. ನಮ್ಮಲ್ಲಿ ಎಷ್ಟು ಕಾದಂಬರಿಕಾರರು ಆ ಮಟ್ಟಕ್ಕೆ ಏರಿಯಾರು?

ಲೆಸ್ಟಾಟ್ ಹುಟ್ಟಿದ್ದು ಫ್ರಾನ್ಸಿನ ಓವರ್ನ್ಯ್ ಸೀಮೆಯ ಜಮೀನ್ದಾರರ ಮನೆಯಲ್ಲಿ. ಅವನ ಮನೆತನವನ್ನು ಫ್ರೆಂಚ್ ಕ್ರಾಂತಿಯ ಜನ ಬುಡಸಮೇತ ಕಿತ್ತಿದ್ದರು. ಸರಣಿಯ ಕೊನೆಯ ಪುಸ್ತಕಗಳಲ್ಲಿ ಅದೇ ಹಳೆಯ ಕೋಟೆಮನೆ ಮತ್ತೆ ಎದ್ದು ನಿಂತಿದೆ, ದೀಪ ಬೆಳಗಿದೆ, ಸಂಗೀತ ನಡೆದಿದೆ, ಲೆಸ್ಟಾಟ್ ಸಕಲ ಪಿಶಾಚಿ ಕುಲಕ್ಕೆ ರಾಜಕುಮಾರನಾಗಿ ದರ್ಬಾರು ನಡೆಸುತ್ತಿದ್ದಾನೆ. ಕ್ರಾಂತಿಯನ್ನು ಇಷ್ಟು ಸಾವಧಾನವಾಗಿ, 13 ಕಂತುಗಳಲ್ಲಿ, ಓದುಗರ ಚಪ್ಪಾಳೆಯೊಂದಿಗೆ ವಾಪಸ್ ಪಡೆದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಇನ್ನು ಮೊದಲ ಕಾದಂಬರಿಯಲ್ಲಿ ಲೂಯಿಯ ಎದುರು ಟೇಪ್ ರೆಕಾರ್ಡರ್ ಹಿಡಿದು ಕೂತಿದ್ದ ಹುಡುಗ. ಒಂದು ರಾತ್ರಿ ಪೂರ್ತಿ ಕೊಲೆ, ಕಣ್ಣೀರು, ಪಶ್ಚಾತ್ತಾಪಗಳನ್ನು ಕೇಳಿಸಿಕೊಂಡ ಈ ವರದಿಗಾರ ಕೊನೆಗೆ ಕೇಳಿದ್ದೇನು? ನನ್ನನ್ನೂ ನಿಮ್ಮ ಹಾಗೆ ಮಾಡಿ! ರೈಸ್ ಬರೆದದ್ದರಲ್ಲಿ ಅತ್ಯಂತ ನಿಷ್ಠುರವಾದ ಪುಟ ಇದೇ ಎಂದು ನನ್ನ ಎಣಿಕೆ, ಏಕೆಂದರೆ ಅದು ಪಿಶಾಚಿಗಳ ಬಗ್ಗೆ ಅಲ್ಲ. 2022ರಲ್ಲಿ ಶುರುವಾದ ಟಿವಿ ಸರಣಿ ಇದನ್ನು ತಿದ್ದಲು ನೋಡಿತು. ಅಲ್ಲಿ ಲೂಯಿ ಕಪ್ಪು ಮನುಷ್ಯ, 20ನೇ ಶತಮಾನದ ನ್ಯೂ ಆರ್ಲಿಯನ್ಸಿನವನು. ವರದಿಗಾರ ಈಗ ಮುದುಕ, ಕಾಯಿಲೆಯವ, ಹೇಳಿದ್ದನ್ನೆಲ್ಲ ನಂಬದವ. ಹೋದ ಸಲ ಬೇರೆ ಹೇಳಿದ್ದೆಯಲ್ಲ ಎಂದು ನಡುವೆ ಬಾಯಿ ಹಾಕಿ ಅಡ್ಡಸವಾಲು ಹಾಕುತ್ತಾನೆ. ಅಬ್ಬ, ಅಂತೂ ಒಬ್ಬ ಪತ್ರಕರ್ತ ಸಿಕ್ಕ ಎನಿಸುತ್ತದೆ. 2024ರಲ್ಲಿ ಎರಡನೆಯ ಸೀಸನ್ ಮುಗಿಯುವ ಹೊತ್ತಿಗೆ ಅವನೂ ವ್ಯಾಂಪೈರ್ ಆಗಿ, ಸಂದರ್ಶನವನ್ನು ಪುಸ್ತಕ ಮಾಡಿ, ಪ್ರಚಾರಕ್ಕೆ ಕೂತಿದ್ದಾನೆ.