ಓವರ್‌ಹೆಡ್ ಟ್ಯಾಂಕಿನ ಪದಾರ್ಥಮೀಮಾಂಸೆ

ಶಾಸ್ತ್ರಗ್ರಂಥ ಶುರುವಾಗಬೇಕಾದರೆ ಅನುಬಂಧ ಚತುಷ್ಟಯ ಹೇಳಲೇಬೇಕು. ವಿಷಯ: ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್, ಅರ್ಥಾತ್ ವಸ್ತ್ವಭಿಮುಖ ಕ್ರಮವಿಧಿಲೇಖನ. ಪ್ರಯೋಜನ: ಸರಸ್ವತಿಪುರಂನ ನಮ್ಮ ಮನೆಯ ತಾರಸಿ ಟ್ಯಾಂಕು ತುಂಬಿದಾಗ ಮೋಟಾರು ತಾನೇ ನಿಲ್ಲುವುದು. ಸಂಬಂಧ: ಇವೆರಡಕ್ಕೂ ಏನೋ ಸಂಬಂಧವಿದೆ ಎಂದು ನಂಬಿ ನಾನು 2,000 ರೂಪಾಯಿ ಕಟ್ಟಿ ಎರಡು ದಿನದ ಕಾರ್ಯಾಗಾರಕ್ಕೆ ಸೇರಿದ್ದೆ.

ಇನ್ನು ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹ ಯಾರು ಎಂಬುದು. ಇಲ್ಲಿ ಮತಭೇದವಿದೆ. ಕಾರ್ಯಾಗಾರದ ಸರ್ ಪ್ರಕಾರ ‘ಫಂಡಮೆಂಟಲ್ಸ್ ಸ್ಟ್ರಾಂಗ್ ಇರೋರು’ ಮಾತ್ರ. ಮೋಟಾರು ನಿಲ್ಲಿಸಲು ಬಳಸುವ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಮಾಡಿದವರು ಇದಕ್ಕೆ ಒಪ್ಪುವುದಿಲ್ಲ. 2005ರಲ್ಲಿ ಇಟಲಿಯ ಇವ್ರೆಯ ಊರಿನಲ್ಲಿ ಅದು ಹುಟ್ಟಿದ್ದೇ ಎಲೆಕ್ಟ್ರಾನಿಕ್ಸ್ ಓದದ ವಿನ್ಯಾಸದ ವಿದ್ಯಾರ್ಥಿಗಳಿಗಾಗಿ. ಮೈಸೂರಿನ ಸಂಪ್ರದಾಯವೂ ಸರ್ ಪರವಾಗಿಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಬಾನುಲಿ ಪ್ರಸಾರ ಶುರು ಮಾಡಿದವರು. ಮನಸ್ಸಿನ ಮೇಷ್ಟ್ರಿಗೆ ಟ್ರಾನ್ಸ್‌ಮಿಟರ್ ಯಾಕೆ ಎಂದು ಯಾರಾದರೂ ತಡೆದಿದ್ದರೆ ಆ ಪ್ರಸಾರಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಇವತ್ತು ದೇಶಕ್ಕೆಲ್ಲ ಸಿಗುತ್ತಿತ್ತೇ?

ಪದಾರ್ಥ ಪ್ರಕರಣ

ವೈಶೇಷಿಕರು ಇಡೀ ಜಗತ್ತನ್ನು ಏಳು ಪದಾರ್ಥಗಳಲ್ಲಿ ಮುಗಿಸಿಬಿಟ್ಟರು: ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ, ಅಭಾವ. ತಾರಸಿಯ ಟ್ಯಾಂಕು ದ್ರವ್ಯ, ಅದೇ ಆಬ್ಜೆಕ್ಟು. ನೀರಿನ ಮಟ್ಟ ಅದರ ಗುಣ. ತುಂಬುವುದು, ಬರಿದಾಗುವುದು ಅದರ ಕರ್ಮ. ತುಂಬಿ ಹರಿಯುವುದು ನಮ್ಮ ಕರ್ಮ. ಎಲ್ಲ ಟ್ಯಾಂಕುಗಳಲ್ಲೂ ಇರುವ ಟ್ಯಾಂಕುತನ ಸಾಮಾನ್ಯ. ಈ ಬೋರ್ಡಿಗೆ ಬರೆಯುವ ಸಿ ಪ್ಲಸ್ ಪ್ಲಸ್ ಭಾಷೆಯವರು ಅದಕ್ಕೆ ಕ್ಲಾಸ್ ಅನ್ನುತ್ತಾರೆ. ಕನ್ನಡದಲ್ಲಿ ‘ವರ್ಗ’ ಅನ್ನಬೇಕೆಂದು ಪೂರ್ವಪಕ್ಷ. ಆದರೆ ಸರ್ಕಾರಿ ನೌಕರಿ ಮಾಡಿದವರ ಮನೆಗಳಲ್ಲಿ ವರ್ಗ ಅಂದರೆ ಟ್ರಾನ್ಸ್‌ಫರ್. ಟ್ಯಾಂಕಿಗೆ ವರ್ಗ ಬರೀತಿದೀನಿ ಅಂದರೆ ನಮ್ಮಮ್ಮ “ಯಾವೂರಿಗಪ್ಪಾ?” ಎಂದು ಕೇಳುತ್ತಾರೆ.

ವಿಶೇಷಕ್ಕೂ ಸಮವಾಯಕ್ಕೂ ಒಂದೊಂದು ಹೊಂದಿಸಿಟ್ಟಿದ್ದೆ. ಬೆಳಿಗ್ಗೆ ಕಾಫಿ ಕುಡಿದು ಓದಿದರೆ ನನಗೇ ನಾಚಿಕೆಯಾಯಿತು, ಹೊಡೆದುಹಾಕಿದ್ದೇನೆ.

ಪಿತ್ರಾರ್ಜಿತ ಪ್ರಕರಣ

ಇನ್‌ಹೆರಿಟೆನ್ಸ್ ಎಂಬುದು ಆಸ್ತಿ ವಿಚಾರ. ಅಪ್ಪ ‘ಪ್ರೈವೇಟ್’ ಎಂದು ಬರೆದಿಟ್ಟದ್ದನ್ನು ಮಗ ಮುಟ್ಟುವ ಹಾಗಿಲ್ಲ. ಆದರೆ ಅಪ್ಪ ಯಾರನ್ನು ‘ಫ್ರೆಂಡ್’ ಎಂದು ಘೋಷಿಸಿದ್ದಾನೋ ಅವನು ಒಳಗೆ ಕೈ ಹಾಕಬಹುದು. ಇದು ಅಣಕವಲ್ಲ, ಸಿ ಪ್ಲಸ್ ಪ್ಲಸ್‌ನ ನಿಯಮವೇ ಹೀಗಿದೆ. ನಮ್ಮ ಬೀದಿಯಲ್ಲಿ ಇದೇ ನಿಯಮದ ಮೇಲೆ ಎರಡು ಕೇಸು ನಡೆಯುತ್ತಿವೆ. ಈಚಿನ ಪಂಡಿತರು ವಂಶ ಬೆಳೆಸಬೇಡಿ, ಬೇಕಾದ ವಸ್ತುವನ್ನು ಒಳಗೇ ತಂದಿಟ್ಟುಕೊಳ್ಳಿ ಅನ್ನುತ್ತಾರೆ. ದೊರೆಗಳಿಗೆ ಮಕ್ಕಳಾಗದಿರಲಿ ಎಂಬ ಅಲಮೇಲಮ್ಮನ ಶಾಪದ ಕಥೆ ಕೇಳಿ ಬೆಳೆದ ಮೈಸೂರಿನವರಿಗೆ ದತ್ತಕದ ಮಹತ್ವ ಹೊಸದಾಗಿ ಹೇಳಬೇಕಾಗಿಲ್ಲ.

ವರ್ಚುವಲ್ ಫಂಕ್ಷನ್ ಪ್ರಕರಣವನ್ನು ಬೇಗ ಮುಗಿಸುತ್ತೇನೆ. ಆರ್ಡುಯಿನೊ ಊನೊ ಆರ್3 ಬೋರ್ಡಿನ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ 32 ಕಿಲೋಬೈಟ್, ಓಡುವಾಗ ಬಳಸಲು ಕೇವಲ 2,048 ಬೈಟ್ ರ‍್ಯಾಮ್. ಒಂದೊಂದು ವರ್ಚುವಲ್ ವಸ್ತುವೂ ಎರಡೆರಡು ಬೈಟ್ ಕಪ್ಪ ಕೇಳುತ್ತದೆ; ಅವುಗಳ ಕೋಷ್ಟಕವೂ ಅದೇ ರ‍್ಯಾಮಿನಲ್ಲಿ ಬಂದು ಕೂರುತ್ತದೆ. ಸರ್ ಕರಿಹಲಗೆಯ ಮೇಲೆ ಬರೆಸಿದ ಏಳು ಅಂತಸ್ತಿನ ಕ್ಲಾಸುಗಳನ್ನು ಅದರೊಳಗೆ ಇಳಿಸುವುದು ಹತ್ತಡಿ ಕೋಣೆಯಲ್ಲಿ ದಸರಾ ದರ್ಬಾರು ನಡೆಸಿದಂತೆ.

ಹೌದು, ಬರೆಸಿದರು. ಒಂದೂವರೆ ದಿನ ಬರೆಸಿದರು. ಈ ವಿದ್ಯೆಯ ನಾಲ್ಕು ಕಂಬಗಳು, ಪ್ರತಿ ಕಂಬಕ್ಕೂ ವ್ಯಾಖ್ಯೆ, ಪ್ರಾಣಿಯಿಂದ ನಾಯಿ, ನಾಯಿ ಬೊಗಳುತ್ತದೆ, ಬೆಕ್ಕು ಮಿಯಾವ್ ಅನ್ನುತ್ತದೆ. ಬೋರ್ಡುಗಳು ಡಬ್ಬಿಯಲ್ಲೇ ಇದ್ದವು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹುಡುಗನೊಬ್ಬ ಎದ್ದು “ಸರ್, ಪಾಯಿಂಟರ್ ಅಂದ್ರೆ ಅಡ್ರೆಸ್ ಬರ್ದಿರೋ ಚೀಟಿ ಥರಾನಾ?” ಅಂದ. ಸರ್ ನಕ್ಕರು. ಇಂಗ್ಲಿಷಿನಲ್ಲಿ ಕೇಳಲು ಹೇಳಿದರು. ಅವನು ಕೂತ. ಮಧ್ಯಾಹ್ನದ ಮೇಲೆ ಬರಲಿಲ್ಲ.

ಅವನು ಹೇಳಿದ್ದು ನೂರಕ್ಕೆ ನೂರು ಸರಿ! ಪಾಯಿಂಟರ್ ಅಂದರೆ ಅಡ್ರೆಸ್ ಬರೆದಿರೋ ಚೀಟಿಯೇ. ಆ ಕೋಣೆಯಲ್ಲಿ ಎರಡು ದಿನದಲ್ಲಿ ಯಾರಾದರೂ ಅರ್ಥವಾಗಿ ಆಡಿದ ಮಾತು ಅದೊಂದೇ. ನಾನು, ಐವತ್ತು ದಾಟಿದವನು, ಬಾಯಿ ಮುಚ್ಚಿಕೊಂಡು ಮೂರನೆಯ ಕಂಬದ ವ್ಯಾಖ್ಯೆ ಬರೆದುಕೊಳ್ಳುತ್ತಿದ್ದೆ. ಸಿಟ್ಟು ಸರ್ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

ಆರ್ಡುಯಿನೊ ಮುಟ್ಟಿದ ಮೊದಲ ದಿನವೇ ಎಲ್ಲರೂ ‘ಸೀರಿಯಲ್’ ಅಂತ ಬರೆದು, ಒಂದು ಚುಕ್ಕೆ ಇಟ್ಟು, ‘ಬಿಗಿನ್ 9600’ ಅಂತ ಟೈಪ್ ಮಾಡುತ್ತೇವೆ. ಆ ಸೀರಿಯಲ್ಲೇ ಆಬ್ಜೆಕ್ಟು. ಆ ಚುಕ್ಕೆ ಅಂದರೆ ‘ನೀನು ಇದನ್ನು ಮಾಡು’. ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು. ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ 1960ರ ದಶಕದಲ್ಲಿ ಸಿಮುಲಾ ಭಾಷೆ ಕಟ್ಟಿದ್ದು ಹೊರಗಿನ ಲೋಕದಲ್ಲಿ ನಡೆಯುವುದನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಲು, ಎಂಟು ಅಂಕದ ಪ್ರಶ್ನೆ ತೆಗೆಯಲು ಅಲ್ಲ. ಕಂಬಗಳಲ್ಲೊಂದಾದ ಬಹುರೂಪತೆಗೆ ನಾಯಿ ಬೆಕ್ಕು ಯಾಕೆ? ನಮ್ಮ ಬೀದಿಯಲ್ಲಿ ಯಾರೋ “ನೀರು ಬಂತು!” ಅಂತ ಕೂಗಿದರೆ ನಾನು ಸಂಪಿನ ಮುಚ್ಚಳ ತೆಗೆಯುತ್ತೇನೆ, ಅಮ್ಮ ಕೊಳದಪ್ಪಲೆ ತೊಳೆಯುತ್ತಾರೆ, ಎದುರುಮನೆಯವರು ಬೈಕಿಗೆ ಪೈಪು ಹಿಡಿಯುತ್ತಾರೆ. ಕೂಗು ಒಂದೇ, ಅವರವರ ಕೆಲಸ ಅವರವರಿಗೆ ಗೊತ್ತು.

ನಾನು ಕಲಿತದ್ದು ಕಾರ್ಯಾಗಾರದಲ್ಲಲ್ಲ, ತಾರಸಿಯಲ್ಲಿ. ಮುಂದಿನ ಟ್ಯಾಂಕಿಗೆ ಒಂದು ಫ್ಲೋಟ್ ಸ್ವಿಚ್, ಒಂದು ರಿಲೇ ಹಾಕಿ ನಲವತ್ತು ಸಾಲು ಬರೆದೆ, ಸೊಗಸಾಗಿ ನಡೆಯಿತು. ಬಾಡಿಗೆಯವರ ಹಿಂದಿನ ಟ್ಯಾಂಕಿಗೆ ಅದನ್ನೇ ಕಾಪಿ ಮಾಡಿ ‘ಮಟ್ಟ1’ ಇದ್ದಲ್ಲೆಲ್ಲ ‘ಮಟ್ಟ2’ ಮಾಡಿದೆ, ಒಂದು ಕಡೆ ಬಿಟ್ಟು. ಮುಂದಿನ ಟ್ಯಾಂಕು ಖಾಲಿ ಇರುವವರೆಗೂ ಹಿಂದಿನ ಮೋಟಾರು ಓಡಿತು. ನೀರು ಮೆಟ್ಟಿಲಿಳಿದು, ಬಾಡಿಗೆಯವರು ಒಣಹಾಕಿದ್ದ ಹಪ್ಪಳ ನೆನೆಸಿ, ಮೋರಿ ಸೇರಿತು. ಬೇಸಿಗೆಯಲ್ಲಿ ಮೈಸೂರಿನ ನೀರು! ಆ ರಾತ್ರಿ ಟ್ಯಾಂಕಿಗೊಂದು ಕ್ಲಾಸ್ ಬರೆದೆ. ತನ್ನ ಮಟ್ಟ, ತನ್ನ ಪಿನ್ನು, ತಾನು ಹಿಂದೆ ಯಾವಾಗ ನೋಡಿದೆ ಎಂಬ ಲೆಕ್ಕ ಪ್ರತಿ ಟ್ಯಾಂಕಿನ ಒಳಗೇ. ಎರಡನೆಯ ಟ್ಯಾಂಕಿಗೆ ಆಮೇಲೆ ಬೇಕಾದದ್ದು ಒಂದೇ ಸಾಲು.

ಉಳಿದದ್ದು ಅಭಾವ ಪ್ರಕರಣ. ಪ್ರಾಗಭಾವ: ಕನ್‌ಸ್ಟ್ರಕ್ಟರ್ ಓಡುವ ಮುಂಚೆ ವಸ್ತುವಿನ ಸ್ಥಿತಿ. ಪ್ರಧ್ವಂಸಾಭಾವ: ಕರೆಂಟು ಹೋದ ಮೇಲೆ ರ‍್ಯಾಮಿನ ಸ್ಥಿತಿ. ಅತ್ಯಂತಾಭಾವ, ಅಂದರೆ ಎಂದೂ ಇಲ್ಲದಿರುವಿಕೆ: 16 ಮನೆ, ಎರಡು ಸಾಲಿನ ಎಲ್‌ಸಿಡಿ ಪರದೆಯಲ್ಲಿ ಕನ್ನಡ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆ ಪರದೆ ಒಂದು ಹೊತ್ತಿಗೆ ನಮ್ಮ ಸ್ವಂತ ಅಕ್ಷರಕ್ಕೆ ಬಿಟ್ಟುಕೊಡುವುದು ಎಂಟು ಮನೆ, ಒಂದೊಂದು ಐದು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಕೊಂಬು, ಸೊನ್ನೆ, ಗುಡಿಸು, ಎತ್ವ ಎಲ್ಲ ಚುಕ್ಕೆ ಚುಕ್ಕೆಯಾಗಿ ಕೂರಿಸಿ, ರಂಗೋಲಿ ಹಾಕಿದ ಹಾಗೆ, ಮೂರು ಸಂಜೆ ಕೂತು ‘ತುಂಬಿದೆ’ ಎಂದು ಬರೆದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿದರು.

ಎಂಟೂ ಮನೆ ಆ ಒಂದು ಮಾತಿಗೇ ಮುಗಿದವು. ಮುಂದಿನ ಟ್ಯಾಂಕು ತುಂಬಿ, ಹಿಂದಿನದು ಬರಿದಾದಾಗ, ‘ಖಾಲಿ’ ಎಂದು ತೋರಿಸಬೇಕಾದ ಎರಡನೆಯ ಸಾಲು ಖಾಲಿಯೇ ಇರುತ್ತದೆ.